ಚಿಕ್ಕಪ್ಪನ ಕ್ಷೌರ

ಮಧ್ಯಾಹ್ನದ ಬಿಸಿಲು ನನ್ನ ಕ್ಷೌರದಂಗಡಿಯ ಕನ್ನಡಿಯಿಂದ ಜಾರಿ, ಖಾಲಿ ಕುರ್ಚಿಯ ತೋಳಿನ ಮೇಲೆ ನಿಂತಿತ್ತು. ಬಟ್ಟಲಿನ ನೊರೆಯಲ್ಲಿ ಗುಳ್ಳೆಗಳು ಒಂದೊಂದಾಗಿ ಆರುತ್ತಿದ್ದವು. ಬಿಸಿನೀರಿಗೆಂದು ತಿರುಗಿ ಮತ್ತೆ ನೋಡಿದಾಗ ಆ ಕುರ್ಚಿಯಲ್ಲಿ ಚಿಕ್ಕಪ್ಪ ಕುಳಿತಿದ್ದ. ತಬ್ಬಲಿಯಾದ ನನ್ನನ್ನು ಸಾಕಿದವನು, ಕತ್ತಿ ಮಸೆಯುವ ಚರ್ಮದ ಪಟ್ಟಿಯಿಂದ ದಿನವೂ ಬಾರಿಸಿದವನು. ಅವನು ಸತ್ತು ಮೂವತ್ತು ವರ್ಷವಾಗಿತ್ತು.

"ಗಡ್ಡ ತೆಗಿಯೋ," ಎಂದ.

ಬಿಸಿ ನೊರೆ ಅವನ ಗಲ್ಲಕ್ಕೆ ತಾಕಿದೊಡನೆ ತಣ್ಣಗಾಯಿತು. ಕತ್ತಿ ಗಂಟಲಿನ ಮೇಲಿತ್ತು. ತುಸು ಒತ್ತಿದ್ದರೆ ಸಾಕಿತ್ತು. ಬಾಲ್ಯವಿಡೀ ನಾನು ಕಂಡ ಕನಸು ಅದು. ಆದರೆ ಕೈ ತನ್ನ ಕಸುಬನ್ನಷ್ಟೇ ಮಾಡಿತು, ಒಂದು ಗೀರೂ ಬೀಳಲಿಲ್ಲ. ಪಟಿಕ ಉಜ್ಜುತ್ತಾ, ಎಲ್ಲ ಗಿರಾಕಿಗಳನ್ನೂ ಕೇಳುವಂತೆ ಕೇಳಿದೆ: "ಉರೀತಿದ್ಯಾ?"

"ನಿಂಗೆ ಉರೀತಿತ್ತೇನೋ?" ಕನ್ನಡಿಯಲ್ಲಿ ಅವನ ತುಟಿ ಅಲುಗಲಿಲ್ಲ.

"ತುಂಬಾ ಉರೀತಿತ್ತು, ಚಿಕ್ಕಪ್ಪ. ನಾನಾಗ ಇನ್ನೂ ಚಿಕ್ಕೋನು."

ಅರವತ್ತು ವರ್ಷ ಯಾರಿಗೂ ಹೇಳದ ಮಾತು ಅದು. ಅವನು ಕ್ಷಮೆ ಕೇಳಲಿಲ್ಲ. ನನಗದು ಬೇಕಾಗಿರಲೂ ಇಲ್ಲ. ಎದೆಯ ಮೇಲಿನ ಚಪ್ಪಡಿ ಸರಿದಂತಾಗಿತ್ತು.

"ಯಾರ ಹತ್ರ ಹರಟೆ?" ಒಳಗಿನಿಂದ ಹೆಂಡತಿ ಕೂಗಿದಳು. "ಗಿರಾಕಿ ಇಲ್ದಿದ್ರೆ ಕನ್ನಡೀನೂ ಬಿಡಲ್ವಲ್ಲ ನೀವು!"

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಕತ್ತಿಗೆ ಅಂಟಿದ ಬಿಳಿ ಕೂದಲನ್ನು ಆಮೇಲೆ ತೊಳೆದವಳು ಅವಳೇ. ಚಿಕ್ಕಪ್ಪ ಎದ್ದು ಹೊರನಡೆದ. ಅವನ ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.