ಬಾಲವಿಲ್ಲದ ಪದಗಳು

ಕಾಗೆ ಬೆಳ್ಳಗಿದ್ದ ಕಾಲದಲ್ಲಿ, ಏಳು ಬೆಟ್ಟದ ಆಚೆ, ನುಡಿಗೊಪ್ಪ ಎಂಬ ರಾಜ್ಯವಿತ್ತು. ರಾಜ ನಂಜರಸ ಒಳ್ಳೆಯವನೇ. ಆದರೆ ನಿಘಂಟನೆಂಬ ಮಾಂತ್ರಿಕ ಬಂದು ಪಕ್ಕದಲ್ಲಿ ಕೂತ ಮೇಲೆ ರಾಜನ ಬಾಯಲ್ಲಿ ಒಂದೇ ಮಾತು ಉಳಿಯಿತು: 'ಯೆಸ್.'

ಅರಮನೆಯೊಳಗೆ ಕಾಲಿಡಬೇಕಾದರೆ ಮೂರು ಸಾವಿರ ಇಂಗ್ಲಿಷ್ ಪದ ಕಲಿಯಬೇಕು ಎಂದ ನಿಘಂಟ. ರಾಜ 'ಯೆಸ್' ಎಂದ. ನಲವತ್ತು ದಿನದಲ್ಲಿ ಕಲಿಯಬೇಕು ಎಂದ. ರಾಜ 'ಯೆಸ್' ಎಂದ. ಮೂರು ಬಾಗಿಲಲ್ಲಿ ಪರೀಕ್ಷೆ ಎಂದ. ಅದಕ್ಕೂ 'ಯೆಸ್.'

ಪದಗಳು ನಿಘಂಟನ ಗೋಪುರದ ಪಂಜರಗಳಲ್ಲಿದ್ದವು. ಜೀವಂತ ಪ್ರಾಣಿಗಳು. ಇಲಿಯಷ್ಟು ಗಾತ್ರ, ಚೂಪು ಹಲ್ಲು, ಬಾಲವಿಲ್ಲ. ಚೀಲದಲ್ಲಿ ತುಂಬಿಕೊಂಡು ಮನೆಗೆ ತಂದು ಒಂದೊಂದಾಗಿ ನುಂಗಬೇಕು. ಕಲಿಯುವುದು ಎಂದರೆ ಅದೇ. ಪರೀಕ್ಷೆಯಲ್ಲಿ ಸೋತವರು ಗಿಳಿಯಾಗುತ್ತಿದ್ದರು. ಗೆದ್ದವರು ಕರಿ ಕೋಟು ತೊಟ್ಟು ಅರಮನೆ ಸೇರುತ್ತಿದ್ದರು. 'ಸೋತರೆ ಗಿಳಿ, ಗೆದ್ದರೆ ಕೋಟು, ಮನೆಗೆ ಮಾತ್ರ ಯಾರೂ ಇಲ್ಲ' ಎಂದು ಜನ ಆಡಿಕೊಳ್ಳುತ್ತಿದ್ದರು.

ಬುಟ್ಟಿ ಹೆಣೆಯುವ ಸಾತವ್ವನಿಗೆ ಇಬ್ಬರು ಮಕ್ಕಳು. ದೊಡ್ಡವನು ದೇವೀರ, ಚಿಕ್ಕವಳು ಕೆಂಚಿ. ದೇವೀರ ಹೋದ ವರ್ಷ ಮೂರು ಸಾವಿರವನ್ನೂ ನುಂಗಿ ಮೊದಲನೆಯವನಾಗಿ ಗೆದ್ದ. ಒಂದು ದಿನ ಅರಮನೆಯ ಕೆಲಸದ ಮೇಲೆ ಅದೇ ಬೀದಿಗೆ ಬಂದ. ಸಾತವ್ವ ಓಡಿಹೋಗಿ ಕೈ ಹಿಡಿದಳು.

"ಉಂಡ್ಯಾ ಮಗಾ?"

ದೇವೀರನಿಗೆ ಅರ್ಥವಾಗಲಿಲ್ಲ. ಅವ್ವನ ಮುಖವನ್ನು ಅಪರಿಚಿತರನ್ನು ನೋಡುವಂತೆ ನೋಡಿದ. ಕಾಗದದಲ್ಲಿ ಏನೋ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದ. ಅಂದಿನಿಂದ ಸಾತವ್ವ ಅವನ ತಟ್ಟೆಯನ್ನು ಬೋರಲು ಹಾಕಿಟ್ಟಳು. ಯಾರನ್ನೂ 'ಉಂಡ್ಯಾ' ಎಂದು ಕೇಳಲಿಲ್ಲ.

"ನಾನು ಪರೀಕ್ಷೆಗೆ ಕೂರ್ತೀನಿ," ಎಂದಳು ಕೆಂಚಿ. "ಒಳಗೆ ಹೋಗಿ ಅಣ್ಣನ್ನ ಕರ್ಕೊಂಡು ಬರ್ತೀನಿ."

"ಒಬ್ಬನ್ನ ಕೋಟಿಗೆ ಕಳಕೊಂಡಿದೀನಿ. ಇನ್ನು ಗಿಳಿ ಸಾಕೋ ಶಕ್ತಿ ನಂಗಿಲ್ಲ ಕಣೇ," ಎಂದಳು ಅವ್ವ.

ಕೆಂಚಿ ಚೀಲ ತಂದಳು. ಮೊದಲ ದಿನ ಹತ್ತು ಪದ ನುಂಗಿದಳು. ಡೋರ್, ರೋಪ್, ಲ್ಯಾಂಪ್, ಸ್ಪೂನ್, ಬಾಕ್ಸ್, ಇನ್ನೂ ಐದು. ಮರುದಿನ ಬೆಳಿಗ್ಗೆ ನಾಯಿ ಒಳಗೆ ನುಗ್ಗಿತು.

"ಅವ್ವಾ, ಅದನ್ನ ಹಾಕು!"

"ಯಾವುದನ್ನ?"

"ಅದೇ, ಗೋಡೇಲಿ ಇರುತ್ತಲ್ಲ, ತೆಗೆಯೋದು, ಮುಚ್ಚೋದು..."

ಬಾಗಿಲು ಎಂಬ ಮಾತು ಅವಳ ಬಾಯಲ್ಲಿರಲಿಲ್ಲ. ಕೆಂಚಿ ಮನೆಯಲ್ಲೆಲ್ಲ ತಿರುಗಿ ಒಂದೊಂದನ್ನೇ ಮುಟ್ಟಿ ನೋಡಿದಳು. ಹಗ್ಗ, ದೀಪ, ಚಮಚ, ಪೆಟ್ಟಿಗೆ ಯಾವುದಕ್ಕೂ ಹೆಸರಿಲ್ಲ. ನುಂಗಿದ್ದು ಹತ್ತು, ಹೋದದ್ದೂ ಹತ್ತು. ಅದದೇ ಅರ್ಥದ ಹತ್ತು. ಅಣ್ಣನ ಹೊಟ್ಟೆಯಲ್ಲಿ ನಡೆದದ್ದು ಏನೆಂದು ಆಗ ತಿಳಿಯಿತು.

ಸಾತವ್ವ ಬಿದಿರು ಸೀಳುತ್ತಾ ಚೀಲದ ಕಡೆ ನೋಡಿದಳು. "ಇದ್ಯಾವುದೇ ಹೊಸದು?"

"ಬೆಲ್."

"ಬೆಲ್ಲು," ಎಂದಳು ಸಾತವ್ವ. ಹುಟ್ಟಿದಾಗಿನಿಂದ ಅವಳ ನಾಲಿಗೆ ಯಾವ ಮಾತನ್ನೂ ತುದಿ ಮೊಂಡಾಗಿ ಬಿಟ್ಟದ್ದಿಲ್ಲ.

ಅಷ್ಟರಲ್ಲಿ ಆ ಪ್ರಾಣಿಗೆ ಪುಟ್ಟ ಬಾಲ ಬಂತು. ಬಾಲ ಅಲ್ಲಾಡಿಸುತ್ತಾ ಹೋಗಿ ಸಾತವ್ವನ ಬುಟ್ಟಿಯಲ್ಲಿ ಮಲಗಿತು.

ಕೆಂಚಿ ತಡಮಾಡಲಿಲ್ಲ. ಇನ್ನೂ ಹತ್ತು ಪದ ತೆಗೆದಳು. ಹತ್ತಕ್ಕೂ ಉಕಾರ ಸೇರಿಸಿ, ನುಂಗದೆ ಬುಟ್ಟಿಗೆ ಬಿಟ್ಟಳು. ಬುಕ್ಕು, ಟೇಬಲ್ಲು, ಗ್ಲಾಸು, ಕಪ್ಪು, ಲಾಕು. ಮರುದಿನ ಬೆಳಿಗ್ಗೆ ಲೆಕ್ಕ ಹಾಕಿದಳು. ಬಾಯಲ್ಲಿ ಪುಸ್ತಕ ಇತ್ತು, ಬುಕ್ಕೂ ಇತ್ತು. ಬೀಗ ಇತ್ತು, ಲಾಕೂ ಇತ್ತು. ಒಂದೂ ಹೋಗಿರಲಿಲ್ಲ.

"ಬಾಲ ಇದ್ದರೆ ನಮ್ಮ ಹಟ್ಟೀದು," ಎಂದಳು ಸಾತವ್ವ. "ಇಲ್ದಿದ್ರೆ ಯಾರ ಮನೇದೋ ಏನೋ, ಕಚ್ಚದೆ ಇನ್ನೇನು ಮಾಡುತ್ತೆ?"

ನಲವತ್ತು ದಿನದಲ್ಲಿ ಚೀಲ ಖಾಲಿಯಾಯಿತು. ಬುಟ್ಟಿ ತುಂಬಿತು. ಕೆಂಚಿ ಬುಟ್ಟಿ ಹೊತ್ತು ಹೊರಟಳು.

ಮೊದಲ ಬಾಗಿಲಲ್ಲಿ ಹಿತ್ತಾಳೆಯ ನಾಯಿ. ಆನೆಯಷ್ಟು ಎತ್ತರ, ಬಾಲವಿಲ್ಲ. "ನಾನು ಗಾರ್ಡ್," ಎಂದು ಬೊಗಳಿತು. "ಸಾವಿರ ಪದ ಹೇಳು!"

"ಬಾರೋ ಗಾರ್ಡು," ಎಂದಳು ಕೆಂಚಿ.

ನಾಯಿಗೆ ಬಾಲ ಬಂತು. ನಾಚಿಕೆಯಿಂದ ಒಮ್ಮೆ ಅಲ್ಲಾಡಿಸಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹಾವು. ಬರೀ ತಲೆ, ಹಿಂದೆ ಏನೂ ಇಲ್ಲ. "ನಾನು ಸ್ಪೆಲ್ಲಿಂಗ್. 'ನೈಫ್' ಬರೆ. ಅದರ ಮುಂದೆ ನಿಂತಿರುವ 'ಕೆ' ಏನು ಮಾಡುತ್ತದೆ ಹೇಳು."

"ಕೆಲಸವಿಲ್ಲದೆ ಬಾಗಿಲಲ್ಲಿ ನಿಂತಿದೆ, ನಿನ್ನ ಹಾಗೆ," ಎಂದಳು ಕೆಂಚಿ. "ಪಕ್ಕಕ್ಕೆ ಸರಿ, ಸ್ಪೆಲ್ಲಿಂಗು."

ಹಾವಿನ ತಲೆಯ ಹಿಂದೆ ಹನ್ನೆರಡು ಮೊಳ ಬಾಲ ಬೆಳೆಯಿತು. ಎಷ್ಟೋ ವರ್ಷದಿಂದ ಬಾಲವಿಲ್ಲದೆ ಸೋತಿದ್ದ ಅದು ಸುರುಳಿ ಸುತ್ತಿ ಮಲಗಿಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಮೃಗ ಇರಲಿಲ್ಲ. ಕರಿ ಕೋಟಿನಲ್ಲಿ ದೇವೀರ ನಿಂತಿದ್ದ.

"ಅಣ್ಣಾ!"

ದೇವೀರ ಕಣ್ಣು ಮಿಟುಕಿಸಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದ: ಯಾರಿಗಾಗಿ ಬಂದೆ? ಒಂದೇ ಪದ. ಮೂರು ಅವಕಾಶ. 'ಅಣ್ಣಾ' ಎಂದದ್ದಕ್ಕೇ ಒಂದು ಮುಗಿಯಿತು.

"ಬ್ರದರು," ಎಂದಳು ಕೆಂಚಿ.

ದೇವೀರನಿಗೆ ಬಾಲ ಬರಲಿಲ್ಲ. ಅವನು ಪದವಲ್ಲ, ಮನುಷ್ಯ. ಬಾಗಿಲೂ ಅಲುಗಲಿಲ್ಲ. ಎರಡು ಮುಗಿಯಿತು. ಕೆಂಚಿಯ ಮೊಣಕೈಯಲ್ಲಿ ಹಸಿರು ಗರಿಯೊಂದು ಮೂಡಿತು.

ಮೇಲಿನ ಪಂಜರದಲ್ಲಿ ಮುದಿ ಗಿಳಿಯೊಂದು ಕೂತಿತ್ತು. ಹಿಂದೆ ಅದು ಪಾಠ ಹೇಳುವ ಮೇಷ್ಟ್ರು. "ತಂಗೀ, ಬಾಲವಿಲ್ಲದ ಬೋಳು ಪದ ಹೇಳಿದರೆ ಬಾಗಿಲು ತೆರೆಯುತ್ತೆ," ಎಂದಿತು. "ಆದರೆ ಹುಷಾರು, ಈ ಬಾಗಿಲಲ್ಲಿ ಹೇಳಿದ್ದು ನುಂಗಿದ ಹಾಗೇ. ತಿಳೀದೆ ಕಳೆದದ್ದು ತಿರುಗಿ ಬರುತ್ತೆ. ತಿಳಿದೂ ತಿಳಿದೂ ಕೊಟ್ಟದ್ದು ಬರಲ್ಲ."

ಕೆಂಚಿ ದೇವೀರನ ಮುಖ ನೋಡಿದಳು. ಮನಸ್ಸಿನಲ್ಲೇ ನೂರು ಸಲ 'ಅಣ್ಣ' ಎಂದಳು. ಆಮೇಲೆ ಬಾಯಿ ತೆರೆದಳು.

"ಬ್ರದರ್."

ಗಂಟಲಲ್ಲಿ ಏನೋ ಕಚ್ಚಿತು. ಬಾಗಿಲು ತೆರೆಯಿತು.

ಒಳಗೆ ನಿಘಂಟ ಮುದ್ರೆ ಹಿಡಿದು ಕೂತಿದ್ದ. ಬುಟ್ಟಿಯನ್ನು ನೋಡಿದ. ಬಾಲಗಳನ್ನು ನೋಡಿ ಅಸಹ್ಯದಿಂದ ಮೂಗು ಮುಚ್ಚಿಕೊಂಡ.

"ಹಳ್ಳಿ ನಾಲಿಗೆ! ಪ್ರಭುಗಳೇ, ಇವಳನ್ನು ಗಿಳಿ ಮಾಡಲೇ?"

"ಯೆಸ್," ಎಂದ ರಾಜ.

ನಿಘಂಟ ಮುದ್ರೆ ಎತ್ತಿ ಕೂಗಿದ: "ಫೇಲ್!"

"ಫೇಲು," ಎಂದಳು ಕೆಂಚಿ.

ಮುದ್ರೆಯಿಂದ ಹಾರಿದ ಪದಕ್ಕೆ ಗಾಳಿಯಲ್ಲೇ ಬಾಲ ಬಂತು. ನಾಯಿಮರಿಯಂತೆ ಬಂದು ಅವಳ ಕಾಲು ನೆಕ್ಕಿತು. ಕೆಂಚಿ ಬುಟ್ಟಿ ಬೋರಲು ಹಾಕಿದಳು. ಬಾಲವಿದ್ದ ಸಾವಿರಾರು ಪದಗಳು ಗೋಪುರಕ್ಕೆ ನುಗ್ಗಿದವು. ಅವನ್ನು ನೋಡಿ ಪಂಜರದ ಪದಗಳಿಗೂ ಬಾಲ ಬಂತು. ಕೋಟಿನವರ ಹೊಟ್ಟೆಯೊಳಗಿನ ಪದಗಳಿಗೂ ಬಂತು. ನಿಘಂಟನ ಮೈ ಬೋಳು ಪದಗಳಿಂದಲೇ ಕಟ್ಟಿದ್ದು. ಅವೂ ಒಂದೊಂದಾಗಿ ಬಾಲ ಅಲ್ಲಾಡಿಸುತ್ತಾ ಇಳಿದು ಹೋದವು. ಕೊನೆಗೆ ಕುರ್ಚಿಯ ಮೇಲೆ ಒಂದು ಖಾಲಿ ಹಾಳೆ ಉಳಿಯಿತು.

ಗಿಳಿಗಳು ಮನುಷ್ಯರಾದವು. ಕಳೆದ ಮಾತುಗಳು ಅವರವರ ಬಾಯಿಗೆ ಮರಳಿದವು. ಕೆಂಚಿಗೆ ಬಾಗಿಲು ಬಂತು, ದೀಪ ಬಂತು, ಹತ್ತೂ ಬಂದವು. ದೇವೀರ ಕೋಟು ಕಳಚಿ ಎಸೆದ.

ರಾಜನೂ ಬಾಯಿ ಬಿಟ್ಟ. "ಹಸಿವಾಗ್ತಿದೆ," ಎಂದ. ಊಟ ಮಾಡಿ ಕೈ ತೊಳೆದು, "ಪರೀಕ್ಷೆ ಇಲ್ಲದಿದ್ದರೆ ಕೆಲಸಕ್ಕೆ ಆರಿಸುವುದು ಹೇಗೆ?" ಎಂದು ಕೇಳಿದ. ಮುಂದಿನ ವರ್ಷದಿಂದ ಎರಡು ಸಾವಿರ ಪದ ಸಾಕು, ಬಾಲ ಇದ್ದರೂ ನಡೆಯುತ್ತದೆ ಎಂದು ಡಂಗುರ ಹೊಡೆಸಿದ. ಪ್ರಜೆಗಳು ಜೈಕಾರ ಹಾಕಿ ಸುಖವಾಗಿ ಬಾಳಿದರು.

ಸಾತವ್ವನ ಮನೆಯಲ್ಲೂ ಸುಖವೇ. ಅವಳು ಬೋರಲಿಟ್ಟಿದ್ದ ತಟ್ಟೆಯನ್ನು ತೊಳೆದು ಮುದ್ದೆ ಬಡಿಸಿದಳು. ದೇವೀರ ಹಿತ್ತಲಲ್ಲಿ ಬಿದಿರು ಸೀಳುತ್ತಿದ್ದ.

"ಕೆಂಚೀ, ಅಣ್ಣನ್ನ ಊಟಕ್ಕೆ ಕರಿಯೇ."

"ಯಾರನ್ನ?" ಎಂದಳು ಕೆಂಚಿ.

ಸಾತವ್ವನ ಕೈಯ ಸೌಟು ನಿಂತಿತು. ಹಿತ್ತಲಲ್ಲಿ ಮಚ್ಚಿನ ಸದ್ದೂ ನಿಂತಿತು. ದೇವೀರ ಎದ್ದು ಬಂದು ತಟ್ಟೆಯ ಮುಂದೆ ಕೂತ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ.

ಆಮೇಲೆ ಯಾವತ್ತೂ ತಂಗಿ ಬಂದು ಕರೆಯುವ ತನಕ ಅವನು ಕಾಯಲಿಲ್ಲ.