ಅಂಚು ಹೊಲಿದು ಹೋದ ಕಳ್ಳ

ಪಾದ್ರಿಗಳು ಪೆಟ್ಟಿಗೆಯಿಂದ ಕೌದಿ ತೆಗೆದು ಬೆಂಚುಗಳ ಮೇಲೆ ಹರವಿದರು. ನಟ್ಟನಡುವೆ ತೂತು. ಅಂಗೈಯಗಲದ ಚೌಕ. ಒಂದು ಹೆಸರು ಕಾಣೆಯಾಗಿತ್ತು.

“ಇಲಿ ಕಡಿದಿರಬೇಕು,” ಎಂದರು ಪಾದ್ರಿಗಳು.

“ಅಳತೆಪಟ್ಟಿ ಇಟ್ಕೊಂಡು ಕಡಿಯೋ ಇಲೀನ ನಾನಂತೂ ನೋಡಿಲ್ಲ,” ಎಂದಳು ಇಮೊಜಿನ್.

ಇಮೊಜಿನ್ ಹ್ಯಾಸ್ಕೆಟ್ ನಮ್ಮ ಕೌಂಟಿಯ ಪೊಲೀಸಿನಲ್ಲಿ ಕೂದಲು ನರೆಯುವವರೆಗೂ ದುಡಿದು ನಿವೃತ್ತಳಾದವಳು. ಅವಳಿಗೆ ಮಂಡಿನೋವು ಬಂದಮೇಲೆ ಅವಳ ಕಾರು ಓಡಿಸುವ ಕೆಲಸ ಚರ್ಚಿನ ಹೊಲಿಗೆ ಗುಂಪಿನವಳಾದ ನನಗೆ ಗಂಟುಬಿತ್ತು. ಅಂಗಿಗೆ ಗುಂಡಿ ಹಾಕಲೂ ಬಾರದ ಹೆಂಗಸು. ಆದರೂ ಈ ಕೌದಿಯ ಹುಚ್ಚು ನಮ್ಮೆಲ್ಲರಿಗಿಂತ ಅವಳಿಗೇ ಜಾಸ್ತಿ.

ಅದು 1891ರಲ್ಲಿ ನಮ್ಮ ಮಿಲ್‌ಫೋರ್ಕ್ ಚರ್ಚಿನ ಹೆಂಗಸರು ಹೊಲಿದ ಕೌದಿ. ಒಂದೊಂದು ಬಿಳಿ ಚೌಕದಲ್ಲಿ ಒಬ್ಬೊಬ್ಬರ ಹೆಸರು, ಕೆಂಪು ದಾರದಲ್ಲಿ. ಭಾನುವಾರ ಅದರ ನೂರನೇ ವರ್ಷದ ಹಬ್ಬ. ಪಾದ್ರಿಗಳು ಹೆಸರು ಓದಬೇಕು, ಆ ಮನೆಯವರು ಎದ್ದು ನಿಲ್ಲಬೇಕು. ಯಾರ ಮೊಮ್ಮಕ್ಕಳು ಯಾವ ಊರು ಸೇರಿದರೆಂದು ಇಮೊಜಿನ್ ಎರಡು ಚಳಿಗಾಲ ಹುಡುಕಿದ್ದಳು. ಎಲ್ಲರೂ ಸಿಕ್ಕಿದರು, ಬರ್ತಾ ಸ್ಟ್ರೌಡ್ ಒಬ್ಬಳನ್ನು ಬಿಟ್ಟು. ಸ್ಟ್ರೌಡ್ ಮನೆತನದಲ್ಲಿ ಬರ್ತಾ ಎಂಬುವಳು ಹುಟ್ಟಿಯೂ ಇರಲಿಲ್ಲ, ಸತ್ತೂ ಇರಲಿಲ್ಲ. ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದ ಮೇಲೆ ನೆಬ್ರಾಸ್ಕದಿಂದ ಮೇವಿಸ್ ಎಂಬ ಮುದುಕಿ ಫೋನ್ ಮಾಡಿದಳು.

“ಆ ಬರ್ತಾ ನಮ್ಮಜ್ಜಿ ಕಣಮ್ಮ. ನ್ಯೂಯಾರ್ಕಿಂದ ಅನಾಥ ಮಕ್ಕಳನ್ನ ರೈಲಲ್ಲಿ ತುಂಬಿ ಕಳಿಸ್ತಿದ್ರಲ್ಲ, ಹಾಗೆ ನಿಮ್ಮೂರಿಗೆ ಬಂದೋಳು. ನಿಜವಾದ ಹೆಸರು ಓನಾ. ಮನೆತನದ ಹೆಸರು ಯಾವತ್ತೂ ಬಾಯಿಬಿಟ್ಟು ಹೇಳ್ಲಿಲ್ಲ. ಮುಪ್ಪಲ್ಲಿ ಹೇಳೋಣ ಅಂದ್ರೆ ಮರ್ತೇ ಹೋಗಿತ್ತು. ‘ಮಿಲ್‌ಫೋರ್ಕ್ ಕೌದೀಲಿ ನನ್ನ ಹೆಸರು ಹೊಲಿದಿಟ್ಟಿದೀನಿ, ಹೋಗಿ ನೋಡು’ ಅಂತ ಅಂತಾನೇ ಪ್ರಾಣ ಬಿಟ್ಲು. ಅವಳ ಗೋರಿಕಲ್ಲಿನ ಮೇಲೆ ಅರ್ಧ ಜಾಗ ಖಾಲಿ ಇದೆ.”

ಬರ್ತಾಳ ಚೌಕದ ಒಳಮೈಯಲ್ಲಿ ಏನಾದರೂ ಇದ್ದೀತೆಂದು ಇಮೊಜಿನ್‌ಗೆ ಆಸೆ. ಮೇವಿಸ್ ಶನಿವಾರ ಬರುವವಳಿದ್ದಳು. ಕಾಣೆಯಾದದ್ದು ಅದೇ ಚೌಕ.

*

ಮೊದಲ ಅನುಮಾನ ಚೆಟ್ ಮೇಲೆ. ಹಳೇ ಸಾಮಾನಿನ ವ್ಯಾಪಾರಿ. ಕೌದಿ ಮಾರಿಬಿಡಿ ಎಂದು ಪಾದ್ರಿಗಳ ಪ್ರಾಣ ತಿಂದಿದ್ದ. ನಮ್ಮ ಚರ್ಚಿಗೆ ಬೀಗ ಹಾಕುವ ರೂಢಿಯೂ ಇಲ್ಲ.

“ನಾನು ಕಳ್ಳ ಅಂತಾನೇ ಇಟ್ಕೋ,” ಎಂದ ಚೆಟ್, ಅಂಗಡಿಯ ಕುರ್ಚಿಯಿಂದ ಏಳದೆ. “ದಡ್ಡ ಅಂತ ಮಾತ್ರ ಅನ್ಬೇಡ. ನಾನಾಗಿದ್ರೆ ಇಡೀ ಕೌದಿ ಹೊತ್ಕೊಂಡು ಹೋಗ್ತಿದ್ದೆ. ತೂತು ಬಿದ್ದ ಕೌದಿ ಯಾವನಿಗೆ ಬೇಕು?”

ಮಾತು ಸರಿಯಾಗಿತ್ತು. ವಾಪಸ್ ಬಂದು ಇಮೊಜಿನ್ ತೂತಿನ ಮೇಲೆ ಬಗ್ಗಿದಳು. ಬಹಳ ಹೊತ್ತು ಏಳಲಿಲ್ಲ.

“ಇಲ್ನೋಡೇ. ಏನಿದು?”

ನೋಡಿದೆ. ಮೇಲಿನ ಪದರವನ್ನು ಕತ್ತರಿಸಿರಲಿಲ್ಲ, ಹೊಲಿಗೆ ಬಿಚ್ಚಿ ಎತ್ತಿದ್ದರು. ಆಮೇಲೆ ತೂತಿನ ಅಂಚನ್ನು ಸುತ್ತಲೂ ಮಡಿಸಿ, ಒಳಗಿನ ಹತ್ತಿ ಉದುರದಂತೆ, ಎಳ್ಳಿನಷ್ಟು ಸಣ್ಣ ಹೊಲಿಗೆ ಹಾಕಿದ್ದರು.

“ಕದ್ದವಳು ಅಂಚು ಹೊಲಿದು ಹೋಗಿದಾಳೆ,” ಎಂದೆ.

“ಮನೆ ದೋಚಿ, ಹೋಗೋವಾಗ ಕಸ ಗುಡಿಸಿಟ್ಟ ಹಾಗೆ,” ಎಂದಳು ಇಮೊಜಿನ್. “ಇವಳಿಗೆ ಕೌದಿ ಮೇಲೆ ಪ್ರಾಣ. ಅಂದ್ಮೇಲೆ ನಿಮ್ಮ ಹೊಲಿಗೆ ಗುಂಪಿನೋಳೇ. ಅಂಚಿನ ವಿಷಯ ಒಬ್ಬರ ಹತ್ರಾನೂ ಬಾಯಿ ಬಿಡ್ಬೇಡ.”

ಬರ್ತಾಳ ಕಥೆ ನಮ್ಮ ಗುಂಪಿನ ಎಲ್ಲರಿಗೂ ಗೊತ್ತಿತ್ತು. ಅರ್ಧ ಜನ ಸ್ಟ್ರೌಡ್ ನೆಂಟರೇ. ಯಾರನ್ನು ಹಿಡಿಯುವುದು?

*

ಶನಿವಾರ ಬೆಳಿಗ್ಗೆ ಎಲ್ಲ ಹೆಂಗಸರೂ ಚರ್ಚಿನಲ್ಲಿ ಸೇರಿದರು. ಕಾಫಿ ಆಯಿತು. ಕೌದಿಯ ಮೇಲೆ ದುಪ್ಪಟಿ ಮುಚ್ಚಿತ್ತು. ನಮಗೆಲ್ಲ ಸೂಜಿ ಹಿಡಿಯಲು ಕಲಿಸಿದ ಹಿರಿಯಜ್ಜಿ ಆರ್ವಿಲ್ಲಾ ಮೀಕರ್ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಇಮೊಜಿನ್ ಶುರು ಮಾಡಿದಳು. “ಕದ್ದಿದ್ದಕ್ಕೆ ನಂಗೆ ಸಿಟ್ಟಿಲ್ಲ. ಆ ದರಿದ್ರ ಹೊಲಿಗೆ ನೋಡಿದ್ರೆ ಮೈ ಉರಿಯುತ್ತೆ. ಗೋಣಿಚೀಲ ಹೊಲಿಯೋರು ವಾಸಿ. ನಾಳೆ ಗೋಡೆಗೆ ನೇತುಹಾಕಿದ್ರೆ ಪೂರ್ತಿ ಬಿಚ್ಕೊಂಡು ಹತ್ತಿಯೆಲ್ಲ ಹೊರಗೆ.”

“ಬಿಚ್ಕೊಳ್ಳುತ್ತಾ?” ಆರ್ವಿಲ್ಲಾ ಕೆರಳಿದಳು. “ಗುಂಡಿ ಹಾಕೋಕೆ ಬಾರದೋಳು ನೀನು! ಆ ಅಂಚು ಇನ್ನೂ ನೂರು ವರ್ಷ ಅಲ್ಲಾಡಲ್ಲ!”

ಉಳಿದವರು ಮುಖ ಮುಖ ನೋಡಿಕೊಂಡರು. “ಯಾವ ಅಂಚು?” ಎಂದಳು ಒಬ್ಬಳು.

ಆರ್ವಿಲ್ಲಾ ಕಾಫಿ ಲೋಟವನ್ನು ಬೆಂಚಿನ ಮೇಲಿಟ್ಟಳು.

“ಅಂಚು ಹೊಲಿದಿರೋದು ನಮ್ಮಿಬ್ಬರಿಗೆ ಬಿಟ್ರೆ ಹೊಲಿದೋಳಿಗೆ ಮಾತ್ರ ಗೊತ್ತು ಆರ್ವಿ,” ಎಂದಳು ಇಮೊಜಿನ್ ಮೆಲ್ಲಗೆ. “ಕಳ್ಳತನ ಮುಚ್ಚಿಟ್ಟೆ. ಹೊಲಿಗೆಗೆ ಹೆಸರಿಟ್ರೆ ತಡ್ಕೊಳ್ಳೋಕೆ ಆಗ್ಲಿಲ್ಲ.”

*

ಅಷ್ಟರಲ್ಲಿ ಮೇವಿಸ್ ಬಂದು ಬಾಗಿಲಲ್ಲಿ ನಿಂತಿದ್ದಳು. ಆರ್ವಿಲ್ಲಾ ಕೈಚೀಲದಿಂದ ಚೌಕ ತೆಗೆದು ಅವಳ ಮುಂದಿಟ್ಟಳು.

“ನಿಮ್ಮಜ್ಜೀನ ಮನೇಲಿಟ್ಕೊಂಡ ಲೂಸಿಂಡಾ ಸ್ಟ್ರೌಡ್ ನನ್ನ ತಾಯಿಯ ತಾಯಿ,” ಎಂದಳು. “ಆ ಮಗು ತನ್ನ ನಿಜವಾದ ಹೆಸರು ಹೇಳಿದ ದಿನ ಊಟ ಹಾಕ್ತಿರ್ಲಿಲ್ವಂತೆ. ಅಜ್ಜಿನೇ ನಗ್ತಾ ಹೇಳಿದ್ಲು. ನಾನೂ ನಕ್ಕಿದ್ದೆ. ನಾಳೆ ಅದನ್ನ ಊರೆಲ್ಲ ಕೇಳೋದು ಬೇಡ ಅನ್ನಿಸ್ತು.”

ಮೇವಿಸ್ ಚೌಕವನ್ನು ತಿರುಗಿಸಿ ನೋಡಿದಳು. ಹಿಂದೆ ಬರೀ ಗಂಟುಗಳು. “ಇಷ್ಟೇನಾ? ಇದು ನೀವು ಇಟ್ಟ ಹೆಸರು. ನಮ್ಮಜ್ಜಿ ಹೊಲಿದದ್ದೆಲ್ಲಿ?”

“ಹೆಸರೆಲ್ಲ ಹೊಲಿದದ್ದು ನನ್ನಜ್ಜಿ. ಆ ಮಗೂಗೆ ಹೆಂಗಸರ ಜೊತೆ ಮೇಲೆ ಕೂರೋಕೆ ಎಲ್ಲಿ ಬಿಡ್ತಿದ್ರು? ಕೌದಿ ಬಿಗಿದ ಚೌಕಟ್ಟಿನ ಕೆಳಗೆ ನೆಲದ ಮೇಲೆ ಕೂತು, ಕೆಳಗಿಳಿದ ಸೂಜೀನ ಮೇಲಕ್ಕೆ ಚುಚ್ಚಿ ಕೊಡೋದು ಅವಳ ಕೆಲಸ.”

ಇಮೊಜಿನ್ ದಡಕ್ಕನೆ ಎದ್ದಳು. ಮಂಡಿನೋವು ನೆನಪಾಗಲಿಲ್ಲ. “ಕೆಳಗೇನಾ? ಕೌದಿ ಮಗುಚಿ! ಕಿಟಕಿ ಪರದೆ ಎಳೀರಿ!”

ಮಗುಚಿದೆವು. ಬಿಳೀ ಅಸ್ತರು, ತುಂಬ ಬಿಳೀ ಹೊಲಿಗೆ. ಇಮೊಜಿನ್ ಟಾರ್ಚನ್ನು ಬಟ್ಟೆಗೆ ಒರಗಿಸಿ ಅಡ್ಡಲಾಗಿ ಹಿಡಿದಳು. ನೆಲದ ಮೇಲಿನ ಹೆಜ್ಜೆಗುರುತು ನೋಡಲು ಪೊಲೀಸರು ಹಿಡಿಯುವುದು ಹಾಗೆಯೇ.

ಸಾಲು ಹೊಲಿಗೆಗಳ ನಡುವೆ ಸೊಟ್ಟಸೊಟ್ಟ ಅಕ್ಷರಗಳು ನೆರಳು ಚೆಲ್ಲಿ ಎದ್ದು ನಿಂತವು. ಒಂದಕ್ಷರ ತಿರುವುಮುರುವಾಗಿತ್ತು. ಅಸ್ತರನ್ನಷ್ಟೇ ಹಿಡಿದ ಹೊಲಿಗೆ. ಮೇಲೆ ಕೂತವರಿಗೆ ಕಾಣುವಂತಿರಲಿಲ್ಲ.

ಓನಾ ಫ್ಯಾಲನ್.

ಊಟ ತಪ್ಪಿಸಿದ ಹೆಂಗಸರ ಕಾಲುಗಳ ನಡುವೆ, ಅರೆಗತ್ತಲಲ್ಲಿ ಕೂತು, ಅವರದೇ ಸೂಜಿಯಿಂದ ಆ ಮಗು ತನ್ನನ್ನು ಬರೆದಿಟ್ಟಿತ್ತು. ಆ ಕೌದಿಯನ್ನು ಎಷ್ಟು ಸಲ ಮಡಿಸಿದ್ದೇನೋ ನಾನು!

“ಫ್ಯಾಲನ್,” ಎಂದಳು ಮೇವಿಸ್. ಇನ್ನೊಮ್ಮೆ ಎಂದಳು. ಆಮೇಲೆ ಆ ಅಕ್ಷರಗಳ ಮೇಲೆ ಕೆನ್ನೆಯಿಟ್ಟು ಅತ್ತಳು.

*

ಭಾನುವಾರ ಕೌದಿಯನ್ನು ಕಿಟಕಿಯ ಪಕ್ಕ, ಹಿಂಬದಿ ಜನರಿಗೆ ಕಾಣುವಂತೆ ನೇತುಹಾಕಿದೆವು. ಪಾದ್ರಿಗಳು ಒಂದೊಂದೇ ಹೆಸರು ಓದಿದರು. ಲೂಸಿಂಡಾ ಸ್ಟ್ರೌಡ್ ಎಂದಾಗ ಅರ್ಧ ಚರ್ಚು ಎದ್ದಿತು. ಆರ್ವಿಲ್ಲಾ ಏಳಲಿಲ್ಲ.

“ಓನಾ ಫ್ಯಾಲನ್.”

ಮೇವಿಸ್ ಒಬ್ಬಳೇ ಎದ್ದಳು. ಹಿಂದಿನ ಬೆಂಚು ಕಿರುಗುಟ್ಟಿತು. ಆರ್ವಿಲ್ಲಾ ಮೀಕರ್, ಎರಡೂ ಕೈಯೂರಿ, ತಲೆ ತಗ್ಗಿಸಿ ಎದ್ದು ನಿಂತಳು.

ಮೇವಿಸ್ ತಿರುಗಿ ನೋಡಿದಳು. ಕೂತ್ಕೋ ಎನ್ನಲಿಲ್ಲ.