ಸೋಪೆಣ್ಣೆ ಹಚ್ಚದ ಅಚ್ಚು

"ಆ ಗೋಣಿತಾಟು ಎತ್ತಬೇಡಪ್ಪ. ಅದರ ಕೆಳಗಿರೋದು ಕೆಲಸಕ್ಕೆ ಬರೋ ಅಚ್ಚಲ್ಲ."

ದೊಡ್ಡಕ್ಕ ಹೇಳಿದ್ದು ಇಷ್ಟೇ. ಸೋಪು, ಎಣ್ಣೆ ಸೇರಿಸಿ ಕುದಿಸುತ್ತಿದ್ದ ಪಾತ್ರೆಯಿಂದ ತಲೆ ಎತ್ತಲೂ ಇಲ್ಲ. ಹೊಸ ಮೇಸ್ತ್ರಿ ಮಾತ್ರ ಗೋಣಿತಾಟಿನ ಒಂದು ತುದಿಯನ್ನು ಆಗಲೇ ಎತ್ತಿ ಹಿಡಿದಿದ್ದ.

ಗೋಡೆಗೆ, ಚಾವಣಿಗೆ ಅಂಟಿಸುವ ಹೂಬಳ್ಳಿ, ಎಲೆಗೊಂಚಲು, ಮುಖಗಳನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ಯುವ ಕಾರ್ಖಾನೆ ಅದು. ಯಜಮಾನ ಇಲ್ಲವಾದ ಮೇಲೆ ಅವನ ಅಕ್ಕ ದೊಡ್ಡಕ್ಕನೇ ನಡೆಸಿಕೊಂಡು ಬಂದಿದ್ದಳು. ಮೇಸ್ತ್ರಿ ಬಂದು ಹೆಚ್ಚು ದಿನವಾಗಿರಲಿಲ್ಲ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಆ ಮಾತು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಆಗ ಕೈಯಲ್ಲಿದ್ದದ್ದು ಹಳೆಯ ನಾಟಕಶಾಲೆಯ ಕೆಲಸ. ಅದರ ಚಾವಣಿಯ ಅಂಚಿನುದ್ದಕ್ಕೂ ಒಂದೇ ಹೆಣ್ಣಿನ ಮುಖ ಸಾಲಾಗಿ ನಿಂತಿತ್ತು. ಕೆಲವು ಕಡೆ ಮುಖ ಉದುರಿ ಬರೀ ಸುಣ್ಣದ ಕಲೆ ಉಳಿದಿತ್ತು. ಸಾಲಿನ ನಡುವೆ ಎಲ್ಲಿಂದಲೋ ಒಂದು ಗಂಡಸಿನ ಮುಖ.

"ಹೆಂಗಸರ ಸಾಲಲ್ಲಿ ನುಗ್ಗಿ ನಿಂತಿರೋ ಈ ಮಹಾಶಯ ಯಾರು?" ಎಂದು ಮೇಸ್ತ್ರಿ ಅಟ್ಟಣಿಗೆಯ ಮೇಲಿಂದ ಕೇಳಿದಾಗ ಕೂಲಿಯವರೆಲ್ಲ ನಕ್ಕಿದ್ದರು. ದೊಡ್ಡಕ್ಕ ನಕ್ಕಿರಲಿಲ್ಲ.

ಉದುರಿದ ಆ ಹೆಣ್ಣುಮುಖದ ಅಚ್ಚೇ ಈಗ ಗೋಣಿಯಡಿಯಲ್ಲಿ ಸಿಕ್ಕಿತ್ತು. ಹಿಂದಿನ ಕೋಣೆ, ಕಿಟಕಿಯಿಲ್ಲದ್ದು. ಹಳೇ ಪ್ಲಾಸ್ಟರಿನ ತಣ್ಣನೆ ವಾಸನೆ, ನೆನೆದ ನಾರಿನ ಮುಗ್ಗು. ಅಚ್ಚಿನ ಗುಳಿಗೆ ಒದ್ದೆ ಮರಳು ತುಂಬಿ ಒತ್ತಿಟ್ಟಿದ್ದರು.

"ಅಚ್ಚಿಗೆ ಯಾರಾದರೂ ಮರಳು ತುಂಬಿಡ್ತಾರಾ ದೊಡ್ಡಕ್ಕ? ಹಾಳಾಗಲ್ವಾ?"

"ಖಾಲಿ ಬಿಡಬಾರದು ಅಂತ ತುಂಬಿದ್ದು. ಖಾಲಿ ಇದ್ದರೆ ಅದು ಮುಖ ಹುಡುಕುತ್ತೆ. ಒಬ್ಬ ತಾಯಿ ಮಾಟ ಮಾಡಿಸಿ ಹಾಕಿದ ಶಾಪ ಅದು. ನೀನು ಜೇಡಿಮಣ್ಣಲ್ಲಿ ಹೊಸದಾಗಿ ತಿದ್ದಿ ಅಚ್ಚು ತೆಗಿ. ತಡ ಆದರೆ ಆಗಲಿ."

"ಇಷ್ಟು ಚೆಂದದ ಅಚ್ಚು ಕಣ್ಣೆದುರಿಗೆ ಇರುವಾಗ? ಅಚ್ಚಿಗೆ ಕಣ್ಣಿಲ್ಲ, ಬಾಯಿಲ್ಲ ದೊಡ್ಡಕ್ಕ. ಅದು ಏನಂತ ಹುಡುಕೀತು?"

ದೊಡ್ಡಕ್ಕ ಕಲಕುತ್ತಿದ್ದ ಸೌಟು ಕೆಳಗಿಟ್ಟಳು. "ಮನೇಲಿ ಯಾರಿದಾರೆ ನಿನಗೆ?"

"ಹೆಂಡತಿ."

"ಹಾಗಾದರೆ ಬೇಡ" ಎಂದಳು. ಅವನು ನಗುತ್ತ ಮರಳನ್ನು ಬುಟ್ಟಿಗೆ ಸುರಿದ.

ಗುಳಿಬಿದ್ದ ಮುಖವನ್ನು ಎದುರಿನಿಂದ ನೋಡಿದರೆ ಉಬ್ಬಿ ನಿಂತಂತೆ ಕಾಣುತ್ತದೆ. ನಾವು ಸರಿದತ್ತ ಅದೂ ತಿರುಗುತ್ತದೆ. ಅಚ್ಚಿನ ಕೆಲಸದವರಿಗೆ ಇದು ಹೊಸದಲ್ಲ, ಬೆಳಕಿನ ಆಟವೆಂದು ಬಿಟ್ಟುಬಿಡುತ್ತಾರೆ. ಮೇಸ್ತ್ರಿಯೂ ಎಡಕ್ಕೆ ಸರಿದ, ಅದು ತಿರುಗಿತು. ಬಲಕ್ಕೆ ಸರಿದ, ತಿರುಗಿತು. ಆಮೇಲೆ ಅವನು ನಿಂತ. ಅದು ಇನ್ನೂ ತಿರುಗುತ್ತಲೇ ಇತ್ತು.

ಕಣ್ಣುಜ್ಜಿಕೊಂಡು ಕೆಲಸಕ್ಕೆ ಇಳಿದ.

ಸೋಪೆಣ್ಣೆ ಬಳಿದ. ಎರಕ ಅಚ್ಚಿಗೆ ಕಚ್ಚಿಕೊಳ್ಳದೆ ಬಿಟ್ಟು ಬರಲಿ ಎಂದು ಬಳಿಯುವುದು ಅದು. ಪ್ಲಾಸ್ಟರ್ ಕಲಸಿ ಹೊಯ್ದ, ನಾರು ಹರಡಿದ, ಮತ್ತೆ ಹೊಯ್ದ. ಅದು ಬಿಸಿಯೇರಿ ಗಟ್ಟಿಯಾದ ಮೇಲೆ ಮಗುಚಿ ಮೆಲ್ಲನೆ ತಟ್ಟಿದಾಗ ಮುಖ ಬೆಣ್ಣೆಯಂತೆ ಬಿಟ್ಟು ಬಂತು. ಒಂದೇ ಕೊರತೆ. ಮೇಲ್ತುಟಿಯ ಅಂಚಿನಲ್ಲೊಂದು ಪುಟ್ಟ ಉಬ್ಬು. ಅಚ್ಚಿನಲ್ಲಿ ಎಲ್ಲೋ ಗಾಳಿಗುಳ್ಳೆಯ ತೂತಿರಬೇಕೆಂದು ಬೆರಳಾಡಿಸಿದ. ಅಚ್ಚು ನುಣುಪಾಗಿತ್ತು. ಎಲ್ಲಿಂದ ಬಂತೋ ಹಾಳಾದ್ದು ಎಂದು ಗೊಣಗಿ, ಸಣ್ಣ ಚಾಕುವಿನಿಂದ ಉಬ್ಬನ್ನು ಹೆರೆದು ಹಾಕಿದ.

ಸಂಜೆ ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಳು.

"ಏನಾಯ್ತೇ?"

"ಸೂಜಿ ತಗುಲಿತೋ ಏನೋ ರೀ. ಕೂತಲ್ಲೇ ರಕ್ತ ಬಂತು."

ಬಟ್ಟೆ ಸರಿಸಿ ನೋಡಿದ. ಮೇಲ್ತುಟಿಯ ಅಂಚಿನ ಅವಳ ಮಚ್ಚೆ ಇರಲಿಲ್ಲ. ಆ ಜಾಗ ಹೆರೆದಂತೆ ನುಣುಪಾಗಿತ್ತು. ಅವನ ಬೆರಳು ಆ ಜಾಗದ ಮೇಲೆ ಒಮ್ಮೆ ಆಡಿತು. ಆದರೂ "ಹೋದರೆ ಹೋಗಲಿ ಬಿಡು, ಹತ್ತು ವರ್ಷ ಚಿಕ್ಕವಳಾದೆ" ಎಂದ.

"ಮದುವೇಲಿ ಆ ಮಚ್ಚೆ ನೋಡೇ ಒಪ್ಪಿದೆ ಅಂತಿದ್ರಿ. ಈಗ ಇನ್ನೊಬ್ಬಳನ್ನ ನೋಡ್ಕೋತೀರಾ?" ಎಂದು ನಕ್ಕಳು. ನಕ್ಕಾಗ ಅವಳ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಆಮೇಲೆ ದಿನದಂತೆ ಅವನ ಕೈ ಎಳೆದುಕೊಂಡು ಎಣ್ಣೆ ಸವರತೊಡಗಿದಳು. ಪ್ಲಾಸ್ಟರು ತಿಂದು ಬಿರಿದ ಕೈಗಳು. ಬಲಹೆಬ್ಬೆರಳಿನ ಉಗುರು ಎಂದೋ ಸೀಳಿ, ಎರಡಾಗಿಯೇ ಬೆಳೆದಿತ್ತು. "ಕತ್ತಲಲ್ಲಿ ಸಾವಿರ ಜನ ಕೈ ಚಾಚಿದರೂ ಇದನ್ನ ಹಿಡೀತೀನಿ ನಾನು" ಎನ್ನುತ್ತಿದ್ದಳು. ಅವತ್ತೂ ಅಂದಳು.

ಮರುದಿನ ಮತ್ತೊಂದು ಮುಖ ಹೊಯ್ದ. ಈ ಸಲ ಎಡಗೆನ್ನೆಯಲ್ಲೊಂದು ತಗ್ಗು. ಅವನ ಕೈ ನಿಂತಿತು. ಈ ತಗ್ಗನ್ನು ಅವನು ಎಲ್ಲೋ ಕಂಡಿದ್ದ. ಆದರೆ ಕೈಗೆ ಅದರದೇ ಬುದ್ಧಿ. ಕೊರತೆ ಕಂಡರೆ ತಿದ್ದದೆ ಬಿಡದ ಕೈ. ಬೆರಳತುದಿಯಲ್ಲಿ ಹಸಿ ಪ್ಲಾಸ್ಟರ್ ತೆಗೆದು ಆ ತಗ್ಗು ತುಂಬಿ ಸವರಿಬಿಟ್ಟ. ಬೆರಳಡಿ ಕೆನ್ನೆ ಬೆಚ್ಚಗಿತ್ತು. ಮೆಲ್ಲನೆ ಅದುರಿತು.

ಎರಕವನ್ನು ಅಲ್ಲೇ ಬಿಟ್ಟು ಓಡಿದ.

ಹಗಲೇ. ಬೀದಿಯಲ್ಲಿ ಜನ. ಯಾರೋ "ಏನ್ ಮೇಸ್ತ್ರಿ, ಮನೆಗೆ ಬೆಂಕಿ ಬಿತ್ತಾ?" ಎಂದರು. ಮನೆಯೊಳಗೆ ಯಂತ್ರದ ಸದ್ದಿರಲಿಲ್ಲ. ಸುಣ್ಣದ ವಾಸನೆ. ಹೆಂಡತಿ ಗೋಡೆಗೊರಗಿ ಕೂತಿದ್ದಳು. ಎಡಗೆನ್ನೆ ಬೆಳ್ಳಗೆ, ಅಲುಗದೆ.

"ನಗೋಕೆ ಆಗ್ತಿಲ್ಲ ರೀ" ಎಂದಳು. ಅರ್ಧ ಬಾಯಿಯ ಮಾತು.

ಎರಕ ಒಣಗಿದೆಯೇ ಎಂದು ಉಗುರಿನಿಂದ ತಟ್ಟಿ ನೋಡುವುದು ಅವನ ಅಭ್ಯಾಸ. ಬೇಡವೆಂದುಕೊಂಡೇ ಬೆರಳು ಅವಳ ಕೆನ್ನೆಯನ್ನು ತಟ್ಟಿತು.

ಟಕ್.

ಬಿಳುಪು ಹರಡುತ್ತಿತ್ತು. ಮೂಗಿನತ್ತ. ಅವಳ ಮೂಗಿನಿಂದ ಸಣ್ಣ ಸಿಳ್ಳೆಯಂಥ ಉಸಿರು ಬರುತ್ತಿತ್ತು. ಕಣ್ಣುಗಳು ಮಾತ್ರ ಅವನನ್ನು ಹಿಡಿದುಕೊಂಡಿದ್ದವು. "ಬಂದೆ, ಈಗ ಬಂದೆ ಕಣೇ" ಎಂದು ಅವನು ಬಂದ ದಾರಿಯಲ್ಲೇ ಓಡಿದ.

ದೊಡ್ಡಕ್ಕ ಹಿಂದಿನ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಅವನ ಮುಖ ನೋಡಿದ್ದೇ ಎಲ್ಲ ತಿಳಿಯಿತು.

"ಒಡೆದು ಹಾಕ್ತೀನಿ ಇದನ್ನ!" ಸುತ್ತಿಗೆ ಎತ್ತಿದ.

"ಒಡೆದರೆ ಅವಳೂ ಒಡೀತಾಳೆ. ಇಡು ಕೆಳಗೆ. ಕೇಳು."

ಅವಳು ಹೇಳಿದ್ದು ಹೀಗೆ. ಆ ಮುಖ ಅವಳ ತಮ್ಮನ ಹೆಂಡತಿಯದು. ನಾಟಕಶಾಲೆಗೆ ತನ್ನವಳ ಮುಖವೇ ಇರಲೆಂದು ಅವನು ಅವಳನ್ನು ಮಲಗಿಸಿ ಮುಖದ ಮೇಲೆ ಪ್ಲಾಸ್ಟರ್ ಹೊಯ್ದ. ಉಸಿರಿಗೆಂದು ಮೂಗಿಗಿಟ್ಟ ಕೊಳವೆ ಕಟ್ಟಿಕೊಂಡಿತು. ಅವಳು ಕೈ ಅಲ್ಲಾಡಿಸಿದಳು. ಇನ್ನೊಂಚೂರು, ಅಲುಗಬೇಡ, ಅಚ್ಚು ಕೆಡುತ್ತೆ ಅಂದ. ಅಚ್ಚು ಕೆಡಲಿಲ್ಲ. ಅವಳ ತಾಯಿ ಮಾಟದವರನ್ನು ಕರೆತಂದು, ಮಗಳ ಕೂದಲು, ಚಿತೆಯ ಬೂದಿ ಕಲಸಿ ಅಚ್ಚಿನ ಬೆನ್ನಿಗೆ ಮೆತ್ತಿಸಿದಳು. ಈ ಗುಳಿಯಿಂದ ಮುಖ ತೆಗೆದವನು ತನ್ನವರ ಮುಖ ಕಳಕೊಳ್ಳಲಿ ಎಂದಳು. ಆದರೂ ಅವನು ಅದೇ ಅಚ್ಚಿನಿಂದ ಸಾಲು ಹೊಯ್ದ. ಅವನಿಗೆ ಉಳಿದಿದ್ದವಳು ಮಗಳೊಬ್ಬಳೇ, ಆ ಮುದುಕಿಗೆ ಮೊಮ್ಮಗಳು. ದುಃಖದಲ್ಲಿ ಮುದುಕಿಗೆ ಅಷ್ಟೂ ಹೊಳೆದಿರಲಿಲ್ಲ. ಮಗುವಿನ ಮುಖ ಬೆಳ್ಳಗಾದಾಗ ಅವಳೇ ಓಡಿಬಂದು ಅವನೊಬ್ಬನಿಗೆ ಬಿಡುಗಡೆಯ ದಾರಿ ಹೇಳಿದಳು.

"ಏನು ದಾರಿ? ಬೇಗ ಹೇಳು ದೊಡ್ಡಕ್ಕ, ಉಸಿರು ಕಟ್ತಿದೆ ಅವಳಿಗೆ!"

"ನಿನ್ನ ಮುಖ ಕೊಡು. ಅಚ್ಚಿಗೆ ಪ್ಲಾಸ್ಟರ್ ತುಂಬಿ ಅದರಲ್ಲಿ ಮುಖ ಇಡು. ಆಮೇಲೆ ನಿನ್ನನ್ನ ಯಾರೂ ಗುರುತು ಹಿಡಿಯಲ್ಲ. ನೀನಾಗಿ ಹೇಳಬಾರದು, ಅವಳಾಗಿ ಹಿಡೀಬಾರದು. ಹಿಡಿದ ದಿನ ಕೊಟ್ಟಿದ್ದು ನಿನಗೆ ವಾಪಸ್ ಬರುತ್ತೆ, ಅವಳದು ಹೋಗುತ್ತೆ."

"ನಿನ್ನ ತಮ್ಮ..."

"ಇಲ್ಲೇ ಇದ್ದ. ಈ ಅಂಗಳದಲ್ಲೇ ಮರಳು ಜರಡಿ ಹಿಡೀತಿದ್ದ ಒಬ್ಬ ಕೂಲಿ. ದಿನಾ ಅನ್ನ ಹಾಕಿದೀನಿ. ಓಡಿಹೋದ ತಮ್ಮನ್ನ ಅವನೆದುರಿಗೇ ಬೈದಿದೀನಿ. ಅವನು ಸತ್ತ ಮೇಲೆ ಮುದುಕಿ ಬಂದು ಹೇಳಿದಳು." ಅವಳು ಅಂಗಳದತ್ತ ನೋಡಿದಳು. "ನಾಟಕಶಾಲೆ ಸಾಲಲ್ಲಿ ನೀನು ಗೇಲಿ ಮಾಡಿದೆಯಲ್ಲ, ಆ ಗಂಡಸು. ಅದು ಅವನು."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ನೀರಿಗೆ ಪ್ಲಾಸ್ಟರ್ ಉದುರಿಸಿದ. ಕಲಸಿದ. ಅಭ್ಯಾಸಬಲದಿಂದ ಸೋಪೆಣ್ಣೆಯ ಕುಂಚಕ್ಕೆ ಕೈ ಹಾಕಿದ. ದೊಡ್ಡಕ್ಕ ಪಾತ್ರೆಯನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು. ಜನ್ಮವಿಡೀ ಸೋಪೆಣ್ಣೆ ಕುದಿಸಿದವಳು.

"ಹಚ್ಚಬೇಡ. ಹಚ್ಚಿದರೆ ನಿನ್ನದು ನಿನಗೇ ಬಿಟ್ಟು ಬರುತ್ತೆ."

ಪ್ಲಾಸ್ಟರನ್ನು ಅಚ್ಚಿಗೆ ಹೊಯ್ದು ಉಸಿರೆಳೆದುಕೊಂಡ. ಬಾಗಿದ. ಮುಖವಿಟ್ಟ.

ತಣ್ಣಗೆ. ಆಮೇಲೆ ಕತ್ತಲೆ. ಕಿವಿಯಲ್ಲಿ ತನ್ನದೇ ರಕ್ತದ ಸದ್ದು. ಪ್ಲಾಸ್ಟರ್ ಬೆಚ್ಚಗಾಯಿತು. ಬಿಸಿಯಾಯಿತು. ಸುಡತೊಡಗಿತು. ಕೆಳಗಿನಿಂದ ಯಾವುದೋ ಮುಖ ಅವನ ಮುಖಕ್ಕೆ ಒತ್ತಿತು. ತುಟಿಗೆ ತುಟಿ. ರೆಪ್ಪೆಗೆ ರೆಪ್ಪೆ. ಹೆಣ್ಣು ದನಿ, ಹತ್ತಿರದಲ್ಲಿ, ಬಹಳ ಹತ್ತಿರದಲ್ಲಿ. ಇನ್ನೊಂಚೂರು. ಅಲುಗಬೇಡ. ಎದೆ ಬಿರಿಯಿತು. ಅಲುಗಲಿಲ್ಲ. ಅವಳ ಸಿಳ್ಳೆಯುಸಿರು ನೆನೆದ. ಅಲುಗಲಿಲ್ಲ. ಏನೋ ಹರಿಯಿತು. ಬಟ್ಟೆ ಹರಿದಂತೆ, ಉದ್ದಕ್ಕೆ.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದ. ದೊಡ್ಡಕ್ಕ ಅಚ್ಚಿನ ಗುಳಿಗೆ ಮರಳು ತುಂಬುತ್ತಿದ್ದಳು. ಪಕ್ಕದಲ್ಲಿ ಆಗಷ್ಟೇ ತೆಗೆದಿಟ್ಟ ಬಿಳಿಯ ಎರಕ, ಗಂಡಸಿನ ಮುಖ. ಅವಳು ತಿರುಗಿ ಅವನನ್ನು ನೋಡಿ ಬೆಚ್ಚಿದಳು. "ಯಾರಪ್ಪ ನೀನು?" ಎಂದು ಕೇಳಿ, ಎರಕವನ್ನೊಮ್ಮೆ ನೋಡಿ, ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಅವನು ಮನೆಯವರೆಗೆ ನಡೆದ. ಕಿಟಕಿಯಿಂದ ಯಂತ್ರದ ಸದ್ದು. ಹೆಂಡತಿ ಹೊಲಿಯುತ್ತಿದ್ದಳು. ತುಟಿಯ ಮೇಲೆ ಮಚ್ಚೆ. ಬಾಗಿಲ ನೆರಳು ಕಂಡು ತಲೆ ಎತ್ತಿದಳು.

"ಯಾರು ಬೇಕಿತ್ತು? ನಮ್ಮವರು ಇನ್ನೂ ಕೆಲಸದಿಂದ ಬಂದಿಲ್ಲ."

ಅವನು ತಲೆಯಾಡಿಸಿ ಮೆಟ್ಟಿಲಿಳಿದ.

ನಾಟಕಶಾಲೆಯ ಕೆಲಸ ಮುಗಿದು ಬಾಗಿಲು ತೆರೆದ ದಿನ ಊರೇ ನೋಡಲು ಬಂತು. ಚಾವಣಿಯಡಿ ಹೊಸ ಸುಣ್ಣದ ವಾಸನೆ. ಅವನು ಏಣಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಈಗ ದೊಡ್ಡಕ್ಕನ ಬಳಿ ಮರಳು ಹೊರುವ ಕೂಲಿ ಅವನು. ಹೆಂಡತಿಯೂ ಬಂದಳು. ಸೊರಗಿದ್ದಳು. ತಲೆ ಎತ್ತಿ ಸಾಲು ನೋಡುತ್ತ ಬಂದವಳು ಅವನ ಪಕ್ಕದಲ್ಲೇ ನಿಂತುಬಿಟ್ಟಳು.

"ಅಣ್ಣಾ" ಎಂದಳು ಅವನಿಗೆ. "ಅಣ್ಣಾ, ಅಲ್ಲಿ ನೋಡಿ. ಆ ಮುಖ. ನಮ್ಮ ಯಜಮಾನರು ಅದು. ಹೇಳದೆ ಕೇಳದೆ ಎಲ್ಲೋ ಹೋದರು. ನೀವು ಇಲ್ಲೇ ಕೆಲಸದವರಲ್ವಾ, ಅವರನ್ನ ನೋಡಿದ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಸ್ವಲ್ಪ ಆ ಏಣಿ ಕೊಡ್ತೀರಾ? ಒಂದು ಸಲ ಮುಟ್ಟಿ ಬರ್ತೀನಿ."

ಅವನು ಏಣಿಯನ್ನು ಗೋಡೆಗೆ ಒರಗಿಸಿ, ಅದು ಜಾರದಂತೆ ಬುಡಕ್ಕೆ ಪಾದ ಒತ್ತಿ ನಿಂತ. ಅವಳು ಹತ್ತಿದಳು. ಪ್ಲಾಸ್ಟರಿನ ಕೆನ್ನೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಳು. ಇಳಿಯುವಾಗ ಕಾಲು ತಡವರಿಸಿತು. "ಕೈ ಕೊಡಿ ಅಣ್ಣಾ" ಎಂದು ಕೆಳಗೆ ಕೈ ಚಾಚಿದಳು.

ಸೀಳಿದ ಉಗುರಿನ ಆ ಬಲಗೈಯನ್ನು ಅವನು ಬೆನ್ನ ಹಿಂದೆ ಸರಿಸಿ ಮುಷ್ಟಿ ಕಟ್ಟಿಕೊಂಡ. ಭುಜವನ್ನು ಮುಂದೆ ಚಾಚಿದ. ಅವಳು ಆ ಭುಜ ಹಿಡಿದು ಇಳಿದಳು.